ಹರಕ ಅಂಗಿಗೆ ಇಸ್ತ್ರಿ ಗೆರೆ

ನಾನು ಹೇಳುವುದನ್ನು ನೀವು ನಂಬುವುದಿಲ್ಲ, ಬೇಕಾದರೆ ಪಂಥ ಕಟ್ಟಿರಿ. ಮಸ್ಕಿ ಹತ್ತಿರದ ಹಳ್ಳಿಯಲ್ಲಿ ಎಮ್ಮೆ ಕಾಯುತ್ತಿದ್ದವನು ಸಿಂಧನೂರಿಗೆ ಬಂದು, ಕೋರ್ಟಿನ ಎದುರಿಗೇ ಇಸ್ತ್ರಿ ಅಂಗಡಿ ಇಟ್ಟೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನದು ಇದ್ದಿಲಿನ ಪೆಟ್ಟಿಗೆ. ಆದರೇನು? ಲಿಂಗಸುಗೂರಿನ ತನಕ ಹುಡುಕಿದರೂ ನನ್ನಂಥ ಗೆರೆ ಎಳೆಯುವವನು ಸಿಗುತ್ತಿರಲಿಲ್ಲ. ನಾನು ಇಸ್ತ್ರಿ ಮಾಡಿದ ತೋಳಿನಿಂದ ಬದನೆಕಾಯಿ ಹೆಚ್ಚಬಹುದಿತ್ತು. ಗಂಡ ಹೆಂಡಿರು ಜೀವನಾಂಶಕ್ಕೆ ಕೋರ್ಟು ಹತ್ತುವುದು ನಿಲ್ಲಲಿಲ್ಲ, ನನ್ನ ಅಂಗಡಿಯಲ್ಲಿ ಈಗ ಹೇಳುವಂಥ ಪ್ರಸಂಗಗಳು ನಡೆಯುವುದೂ ನಿಲ್ಲಲಿಲ್ಲ.

ಬಡವನಾಗುವ ಜಾಗ

ದಢೇಸುಗೂರಿನ ಕಡೆಯ ಒಬ್ಬ ಸಾವ್ಕಾರ. ಕಾಲುವೆ ನೀರಿನ ಭತ್ತದ ಗದ್ದೆ, ಸ್ವಂತ ಟ್ರ್ಯಾಕ್ಟರ್. ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕಿದ್ದ. ಆಕೆ ಮುಕ್ಕುಂದದ ತವರಿನಲ್ಲಿದ್ದು, ಕಂಡವರ ಗದ್ದೆಯಲ್ಲಿ ಕಳೆ ಕೀಳುತ್ತಾ ಜೀವನಾಂಶದ ಕೇಸು ಹಾಕಿದ್ದಳು. ತಾರೀಖಿನ ದಿನ ಇವನು ಬಿಳಿ ಅಂಗಿ ತೊಟ್ಟು, ಮೋಟರ್ ಸೈಕಲ್ ಮೇಲೆ ಬಂದವನೇ ನನ್ನ ಅಂಗಡಿಗೆ ನುಗ್ಗಿದ.

"ಲೇ ತಮ್ಮಾ, ಒಂದು ಹರಕ ಅಂಗಿ ಕೊಡಲೇ."

"ಯಾಕ್ರೀ ಸಾವ್ಕಾರ್ರ?"

"ಒಳಗ ನಾ ಕೂಲಿ ಮಾಡಾಂವ ಅಂತ ಹೇಳಬೇಕು."

ಇಸ್ತ್ರಿ ಪೆಟ್ಟಿಗೆ ಒರೆಸುತ್ತಿದ್ದ ನನ್ನ ಹಳೇ ಅಂಗಿ ಕೊಟ್ಟೆ. ಬೆನ್ನಿನ ಮೇಲೆ ಹರಿದಲ್ಲಿ ಹೊಲಿದ ಕೆಂಪು ತ್ಯಾಪಿ. ಉಂಗುರ, ಗಡಿಯಾರ ತನ್ನ ಬಿಳಿ ಅಂಗಿಯ ಕಿಸೆಗೆ ಹಾಕಿ, ಅಂಗಿಯನ್ನು ನನ್ನ ಮೊಳೆಗೆ ತೂಗುಹಾಕಿ ಹೊರಟ. ಬಾಡಿಗೆ ಕೇಳಿದೆ.

"ಬಡವನ ಹತ್ರ ರೊಕ್ಕ ಕೇಳ್ತೀಯಲ್ಲೋ, ನಾಚಿಕಿ ಬರಂಗಿಲ್ಲ?" ಅಂದ. ಗುಂಡಿ ಹಾಕುವುದರೊಳಗೇ ಬಡತನ ಮೈಗೆ ಹತ್ತಿತ್ತು.

ಕೆಂಪು ತ್ಯಾಪಿ

ಸುದ್ದಿ ಹಬ್ಬಿತು. ಮಸ್ಕಿಯ ಕಿರಾಣಿ ಅಂಗಡಿಯವನೊಬ್ಬ ಬಂದ. ಅವನಿಗೂ ಹೆಂಡತಿಯ ಕೇಸು, ಅವನಿಗೂ ಅದೇ ಅಂಗಿ. ನನ್ನ ಅಂಗಿಯ ವೈಭವ ನೋಡಲು ನಾನೂ ಹಿಂದೆ ಹೋಗಿ ಕೋರ್ಟಿನ ಬಾಗಿಲಲ್ಲಿ ನಿಂತೆ.

ಜಡ್ಜ್ ಸಾಹೇಬರು ಅವನ ಬೆನ್ನು ನೋಡಿದರು. "ಈ ತೇಪೆ ಹೋದ ಸಲ ಬೇರೆಯವರ ಬೆನ್ನ ಮೇಲಿತ್ತಲ್ಲ?"

ಕಿರಾಣಿಯವನು ಕೈ ಮುಗಿದ. "ಬಡವರದ್ದೆಲ್ಲಾ ಹರಿಯೋ ಜಾಗ ಒಂದಾ ರೀ ಸಾಹೇಬ್ರ!"

ಮುಕ್ಕುಂದದ ಅಕ್ಕ

ಮುಂದಿನ ತಾರೀಖಿಗೆ ಸಾವ್ಕಾರನ ಹೆಂಡತಿ ಬೆಳಗಿನ ಬಸ್ಸಿಗೇ ಬಂದಳು. ಇದ್ದ ಒಂದು ಒಳ್ಳೇ ಸೀರೆಯನ್ನು ಚೀಲದಿಂದ ತೆಗೆದು ಇಸ್ತ್ರಿಗೆ ಕೊಟ್ಟಳು.

"ಅಕ್ಕಾ, ಎಲ್ಲಾರೂ ಹರಕ ಹಾಕ್ಕೊಂಡು ಒಳಗ ಹೋಗ್ತಾರ. ನೀ ಮದಿವಿಗೆ ಹೊಂಟಂಗ ಹೊಂಟೀಯಲ್ಲ?"

"ನಾ ಭಿಕ್ಷಾ ಬೇಡಾಕ ಬಂದಿಲ್ಲೋ ತಮ್ಮಾ. ನಂದು ಕೇಳಾಕ ಬಂದೀನಿ." ಅಷ್ಟು ಹೇಳಿ ಹರಕ ಅಂಗಿಯ ಕಡೆ ತಿರುಗಿದಳು. "ನನ್ನ ಗಂಡ ಒಳಗ ತೊಡೋದು ಇದಾ ಅಲ್ಲೇನು? ತ್ಯಾಪಿ ಗುರ್ತು ಸಿಕ್ತು."

ನಾನು ಸೀರೆಯ ಮೇಲೆ ಪೆಟ್ಟಿಗೆ ಓಡಿಸಿದೆ. ಆಕೆ ಅಂಗಿಯನ್ನು ಮುಟ್ಟಿ ನೋಡಿದಳು.

"ಎಷ್ಟು ಮುದ್ದಿಯಾಗೈತೋ! ಹೊಸಾದನ್ನ ಯಾರ್ ಬೇಕಾದ್ರೂ ಇಸ್ತ್ರಿ ಮಾಡ್ತಾರ. ಹರಕಕ್ಕ ಗೆರಿ ಎಳ್ಯಾದು ನಿನ್ನ ಕೈಲೆ ಆಗಂಗಿಲ್ಲ ಬಿಡು."

ನನ್ನ ಕೈಲಿ ಆಗುವುದಿಲ್ಲವಂತೆ! ಎದುರಿನ ಖಾನಾವಳಿಯಿಂದ ಗಂಜಿ ತಂದೆ. ಅಂಗಿ ಒಗೆದು, ಗಂಜಿ ಹಾಕಿ, ಒಣಗಿಸಿ, ಹರಿದ ತೋಳಿಗೂ ಕತ್ತಿಯಂಥ ಗೆರೆ ಎಳೆದೆ. ತ್ಯಾಪಿ ಕೂಡ ಫಳಫಳ ಅಂದಿತು. ಆಕೆ ತಿರುಗಿಸಿ ತಿರುಗಿಸಿ ನೋಡಿ, "ಸೋತ್ನೆಪಾ ನಿನಗ" ಅಂದಳು. ಹೆಂಗಸರ ಬಾಯಿಂದ ಸೋತೆ ಅನ್ನಿಸುವುದು ಸಣ್ಣ ಮಾತೇನ್ರಿ?

ನನ್ನ ಸಾಕ್ಷಿ

ಅಂದು ಸಾವ್ಕಾರ ತಡವಾಗಿ ಬಂದ. ಒಳಗೆ ಅವನ ಹೆಸರು ಕೂಗುತ್ತಿದ್ದರು. ಬಿಳಿ ಅಂಗಿ ಬಿಚ್ಚಿ, ಉಂಗುರ, ಗಡಿಯಾರ ಅದರ ಕಿಸೆಗೆ ತುರುಕಿ ಮೊಳೆಗೆ ಎಸೆದು, ಹರಕ ಅಂಗಿ ಕಸಿದುಕೊಂಡು, ತೊಡುತ್ತಲೇ ಓಡಿದ. ಹಿಂದೆ ನಾನು.

"ಒಪ್ಪತ್ತು ಗಂಜಿಗೂ ಗತಿ ಇಲ್ಲರೀ ಸಾಹೇಬ್ರ, ಈಕಿಗೆಲ್ಲಿಂದ ಕೊಡ್ಲಿ?" ಅಂತ ಕಣ್ಣೀರು ತಂದ.

ಸಾಹೇಬರು ಕನ್ನಡಕ ಏರಿಸಿದರು. "ಕುಡಿಯೋಕೆ ಗಂಜಿ ಇಲ್ಲ, ಅಂಗಿಗೆ ಮಾತ್ರ ಹಾಕಿಸಿದ್ದೀಯಾ? ಇಸ್ತ್ರಿ ಯಾರು ಮಾಡಿದ್ದು?"

ಸಾವ್ಕಾರ ತೋಳು ನೋಡಿಕೊಂಡ, ಬೆವೆತ. ಇಡೀ ಕೋರ್ಟು ನನ್ನ ಕೆಲಸ ನೋಡುತ್ತಿರುವಾಗ ನಾನು ಸುಮ್ಮನಿರಲೆ?

"ನಾನ್ರೀ ಸಾಹೇಬ್ರ!" ಬಾಗಿಲಿಂದಲೇ ಕೈ ಎತ್ತಿದೆ. "ಹರಕದ್ದೇನು ನೋಡ್ತೀರಿ? ಇವರ ಬಿಳಿ ಅಂಗಿ ನೋಡ್ರಿ, ನನ್ನ ಅಂಗಡ್ಯಾಗ ತೂಗಾಕತ್ತೈತಿ. ಉಂಗುರ, ಗಡಿಯಾರ ಅದರ ಕಿಸೇದಾಗ ಅದಾವ!"

ಕೋರ್ಟು ನಕ್ಕಿತು. ಆಕೆ ಮಾತ್ರ ನಗಲಿಲ್ಲ, ಸೆರಗು ಸರಿ ಮಾಡಿಕೊಂಡಳು. ಜವಾನ ಹೋಗಿ ಬಿಳಿ ಅಂಗಿ ತಂದು ಸಾಹೇಬರ ಮುಂದೆ ಇಟ್ಟ. ತಿಂಗಳಾ ತಿಂಗಳಾ ಜೀವನಾಂಶ ಕೊಡಬೇಕೆಂದು ಅಂದೇ ಹುಕುಂ ಆಯಿತು.

ಹೊರಗೆ ಬಂದು ಆಕೆ, "ಗೆರಿ ಚಲೋ ಬಂದಿತ್ತೋ ತಮ್ಮಾ" ಅಂದು ಮುಕ್ಕುಂದದ ಬಸ್ಸು ಹತ್ತಿದಳು. ಸಾವ್ಕಾರ ಮೈಮೇಲಿನ ಅಂಗಿ ಕಿತ್ತು ನನ್ನ ಮುಖದ ಮೇಲೆ ಎಸೆದ.

ನನಗೆ ಕೊನೆಗೆ ಬಾಡಿಗೆ ಅಂತ ಕೊಟ್ಟದ್ದು ನನ್ನದೇ ಹರಕ ಅಂಗಿ. ಅವನು ಕಿತ್ತ ರಭಸಕ್ಕೆ ತೋಳು ಒಂದೇ ಉಳಿದಿತ್ತು.