ಬೆಡ್ ನಂಬರ್ ಮೂರರ ರಿಪೋರ್ಟು

ನರ್ಸುಗಳು ನಾಲ್ಕು ಜನ ಸೇರಿದ ಕಡೆ ಏನಾದ್ರೂ ಎಡವಟ್ಟು ಆಗದೇ ಇರಲ್ಲ. ನಮ್ಮ ವಾಟ್ಸಾಪ್ ಗ್ರೂಪಲ್ಲಿ ನಲವತ್ತು ಜನ ಇದೀವಿ, ನೀವೇ ಯೋಚನೆ ಮಾಡಿ. ಎಲ್ಲ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಸಿಸ್ಟರ್‌ಗಳು. ಅರ್ಧ ಜನರ ಮುಖ ನಾನು ಇವತ್ತಿಗೂ ನೋಡಿಲ್ಲ. ಆದ್ರೆ ಅವರಿಲ್ದೇ ಇದ್ದಿದ್ರೆ ನಾನು ಏನಾಗ್ತಿದ್ನೋ ದೇವರೇ ಬಲ್ಲ.

ಅಡ್ಮಿಷನ್

ನಮ್ಮೆಜಮಾನ್ರು ಹೋದಮೇಲೆ ಕುಣಿಗಲ್ ಮನೆ ಖಾಲಿ ಮಾಡಿ, ಮಗಳನ್ನ ಕರ್ಕೊಂಡು ಚೇಳೂರಿಗೆ ಅಮ್ಮನ ಹತ್ರ ಬಂದೆ. ಡ್ಯೂಟಿ ಬಿಟ್ಟು ಹನ್ನೊಂದು ವರ್ಷ ಆಗಿತ್ತು. ಕೆಲಸಕ್ಕೆ ಹೋಗದೇ ಗತಿಯಿಲ್ಲ, ಹೋಗೋಕೆ ಧೈರ್ಯ ಇಲ್ಲ. ಒಂದಿನ ಗ್ರೂಪಲ್ಲಿ "ನನ್ ಕೈಲಾಗ್ತಿಲ್ಲ ಕಣ್ರೇ" ಅಂತ ಹಾಕಿದೆ.

ತುಮಕೂರಿನ ಶಿರಾ ಗೇಟ್ ಹತ್ರ ಇರೋ ಅಡ್ಮಿನ್ ಅಕ್ಕ ತಕ್ಷಣ ಬರೆದ್ರು: "ಅಡ್ಮಿಟ್ ಮಾಡ್ಕೊಂಡಿದೀವಿ. ಬೆಡ್ ನಂಬರ್ ಮೂರು."

ಕಷ್ಟದಲ್ಲಿರೋರಿಗೆ ಬೆಡ್ ಕೊಡೋದು ನಮ್ಮ ಗ್ರೂಪಿನ ಪದ್ಧತಿ. ದಿನಾ ಶಿಫ್ಟ್ ಮುಗಿಸಿದ ಯಾರಾದ್ರೊಬ್ಬರು "ಪೇಷಂಟ್‌"ಗೆ ಫೋನ್ ಮಾಡಿ, ಆಸ್ಪತ್ರೇಲಿ ಮಾಡೋ ಹಾಗೇ ಗ್ರೂಪಿಗೆ ರಿಪೋರ್ಟ್ ಕೊಡ್ತಾರೆ. ನನ್ನ ಮೊದಲನೇ ರಿಪೋರ್ಟು: "ಬೆಡ್ ಮೂರು. ಎರಡು ಸಲ ಅತ್ತಿದ್ದಾರೆ. ಅರ್ಧ ಮುದ್ದೆ ತಿಂದು, ಒಂದು ಅಂತ ಸುಳ್ಳು ಹೇಳಿದ್ದಾರೆ."

ಅಳ್ತಾ ಇದ್ದೋಳು ಕಿಸಕ್ಕಂತ ನಕ್ಬಿಟ್ಟೆ.

ಸೋರೇಕಾಯಿ

ಗುಬ್ಬಿಯ ಒಂದು ನರ್ಸಿಂಗ್ ಹೋಮಲ್ಲಿ "ಒಂದು ತಿಂಗಳು ನೋಡ್ತೀವಿ, ಸರಿಹೋದ್ರೆ ಇರಿ" ಅಂದ್ರು. ನನಗೋ ಸಿರಿಂಜ್ ಹಿಡಿಯೋದೇ ಮರೆತುಹೋಗಿತ್ತು. ವಿಡಿಯೋ ಕಾಲಲ್ಲಿ ಐದು ಜನ ಸಿಸ್ಟರ್‌ಗಳು ಕೂತು, ಸೋರೇಕಾಯಿಗೆ ನೀರಿನ ಇಂಜೆಕ್ಷನ್ ಕೊಡಿಸಿ ಪ್ರಾಕ್ಟೀಸ್ ಮಾಡಿಸಿದ್ರು. ಡ್ಯೂಟಿ ಮುಗಿಸಿ ಸುಸ್ತಾಗಿ ಬಂದವರು, ಊಟ ಬಿಟ್ಟು ಕೂತಿದ್ರು ಪುಣ್ಯಾತ್ಗಿತ್ತೀರು.

ಹಳೇ ಅಭ್ಯಾಸ ನೋಡಿ, ನಾನು ಸೋರೇಕಾಯಿ ಸವರ್ತಾ, "ಏನೂ ಆಗಲ್ಲ ಅಜ್ಜಿ, ಇರುವೆ ಕಚ್ಚಿದಂಗಾಗತ್ತೆ ಅಷ್ಟೇ" ಅಂದೆ. ಬಾಗಿಲಲ್ಲಿದ್ದ ಅಮ್ಮ ಗಾಬರಿಯಾಗಿ ಒಳಗೆ ಹೋದ್ರು. ಆಮೇಲೆ ಮೆಲ್ಲಗೆ ಬಂದು ಕೇಳಿದ್ರು: "ಇದನ್ನ ಸಾರು ಮಾಡ್ಬೌದೇನೇ, ಇಲ್ಲ ಇನ್ನೂ ಟ್ರೀಟ್‌ಮೆಂಟ್ ಐತಾ?"

ರಿಪೋರ್ಟು

ಆ ನರ್ಸಿಂಗ್ ಹೋಮಿನ ಮೇಟ್ರನ್ ಅಂದ್ರೆ ಡಾಕ್ಟ್ರೇ ದಾರಿ ಬಿಡ್ತಾರೆ. ನಾನು ಇರ್ಬೇಕೋ ಹೋಗ್ಬೇಕೋ ಹೇಳೋರು ಅವರೇ. ಮೊದಲನೇ ದಿನ ಮುಗಿಸಿ ಚೇಳೂರು ಬಸ್ ಹತ್ತಿ, ನಮ್ಮ ಗ್ರೂಪಿಗೆ ಅಂತ ನನ್ನ ರಿಪೋರ್ಟ್ ನಾನೇ ಹಾಕಿದೆ: "ಬೆಡ್ ಮೂರು ಸ್ಟೇಬಲ್. ಒಂದೇ ಏಟಿಗೆ ನರ ಸಿಕ್ತು. ಮೇಟ್ರನ್ ಆರು ಸಲ ಬೈದ್ರು. ಅವರಿಗೇ ಬಿಪಿ ಮಾತ್ರೆ ಕೊಡ್ಬೇಕು."

ಕಳಿಸಿದ್ಮೇಲೆ ನೋಡ್ತೀನಿ, ಅಯ್ಯೋ ಶಿವನೇ, ಅದು ಅವತ್ತೇ ನನ್ನ ಸೇರಿಸಿದ್ದ ನರ್ಸಿಂಗ್ ಹೋಮಿನ ಗ್ರೂಪು! ಅಳಿಸೋ ಅಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು. ಡಾಕ್ಟ್ರು ಹೆಬ್ಬೆಟ್ಟು ಬೇರೆ ಒತ್ತಿದ್ರು. ಕೆಲಸ ಹೋಯ್ತು, ಮಗಳಿಗೆ ಏನ್ ಹೇಳ್ಲಿ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕ್ದೆ.

ಬೆಳಿಗ್ಗೆ ಮೇಟ್ರನ್ ಕರೆಸಿದ್ರು. "ಏನಮ್ಮಾ, ಬೆಡ್ ಮೂರಲ್ಲಿರೋದು ಹರ್ನಿಯಾ ಗಂಡಸು. ಅವರಿಗೆ ನಾನ್ಯಾವಾಗ ಬೈದೆ?"

ಬೇರೆ ದಾರಿ ಇಲ್ದೆ ಎಲ್ಲ ಹೇಳ್ಬಿಟ್ಟೆ. ಯಜಮಾನ್ರು, ಗ್ರೂಪು, ಅರ್ಧ ಮುದ್ದೆ, ಸೋರೇಕಾಯಿ. ಅವರು ಕನ್ನಡಕ ತೆಗೆದು ಒರೆಸ್ಕೊಂಡ್ರು.

"ನಿನ್ನ ಕೈ ಚೆನ್ನಾಗಿದೆ, ಇರು," ಅಂದ್ರು. ಆಮೇಲೆ ದನಿ ಇಳಿಸಿ, "ಬರೋ ತಿಂಗಳು ನಾನು ರಿಟೈರ್ ಆಗ್ತೀನಿ. ಮೂವತ್ತು ವರ್ಷದ ಮೇಲೆ ಮನೇಲಿ ಕೂತು ಏನ್ಮಾಡ್ಲಿ ಅಂತ ನನಗೇ ಭಯ ಕಣಮ್ಮ. ನಿಮ್ಮ ಗ್ರೂಪಲ್ಲಿ ಬೆಡ್ ಖಾಲಿ ಇದ್ಯಾ?"

ಅವತ್ತೇ ಸೇರಿಸ್ಕೊಂಡ್ವಿ. ಸಂಜೆ ತಮ್ಮ ರಿಪೋರ್ಟ್ ತಾವೇ ಬರೆದು ಹಾಕಿದ್ರು: "ಬೆಡ್ ನಾಲ್ಕು. ಹೊಸ ಅಡ್ಮಿಷನ್. ಬಿಪಿ ಮಾತ್ರೆ ತಗೊಂಡಿದ್ದಾರೆ. ಬೆಡ್ ಮೂರಿಗೆ ಇವತ್ತು ಎರಡೇ ಸಲ ಬೈದಿದ್ದಾರೆ. ಇಂಪ್ರೂವ್ ಆಗ್ತಿದ್ದಾರೆ."