ಅಣ್ಣಯ್ಯನ ಹುಸಿ ಬಾಗಿಲು

ನಮ್ಮ ಅಣ್ಣಯ್ಯ ಕೊಪ್ಪದಲ್ಲಿ ಹುಟ್ಟಿದ್ದು ವಿಳಾಸದ ತಪ್ಪಿನಿಂದ. ಇದು ನನ್ನ ಖಚಿತ ಅಭಿಪ್ರಾಯ. ಅವನು ಬಟವಾಡೆಯಾಗಬೇಕಿದ್ದದ್ದು ಈಜಿಪ್ಟಿನ ನೈಲ್ ನದಿಯ ದಂಡೆಗೆ. ತೂಕಡಿಸುತ್ತಿದ್ದ ಯಾವನೋ ಅಂಚೆಯವನು ತುಂಗೆಯ ಸೀಮೆಗೆ ಹಾಕಿ ಹೋದ. ಇಲ್ಲದಿದ್ದರೆ ಶಿವಮೊಗ್ಗದಿಂದ ಆಚೆಗೆ ಒಂದು ಹೆಜ್ಜೆ ಇಡದ ಗಾರೆ ಮೇಸ್ತ್ರಿಯೊಬ್ಬ, ಸಿಮೆಂಟು ಕಲಸುತ್ತಾ, ನಾಲ್ಕು ಸಾವಿರ ವರ್ಷದ ಹಿಂದಿನ ಮೇಸ್ತ್ರಿಗಳನ್ನು ಪಕ್ಕದ ಕೇರಿಯವರಂತೆ ಬೈಯುವುದು ಹೊಗಳುವುದು ಮಾಡುತ್ತಾನೆಯೇ?

ಅವನು ಓದಿದ್ದು ಎಂಟನೇ ತರಗತಿ, ಅದೂ ಅರ್ಧ. ಸಮಾಜ ಪುಸ್ತಕದಲ್ಲಿ ಈಜಿಪ್ಟಿನ ಪಾಠ ನಡೆಯುತ್ತಿದ್ದಾಗ ಶಾಲೆ ಬಿಟ್ಟ. ಮೇಷ್ಟ್ರು ಮಕ್ಕಳನ್ನೆಲ್ಲ ಪಿರಮಿಡ್ಡಿನ ಬಾಗಿಲವರೆಗೆ ಕರೆದುಕೊಂಡು ಹೋಗಿದ್ದರಂತೆ. ಗಂಟೆ ಹೊಡೆಯಿತು. ಉಳಿದವರು ಮರುದಿನ ಒಳಗೆ ಹೋದರು. ಇವನು ಗಾರೆ ಬಾಣಲಿ ಹೊತ್ತುಕೊಂಡು ಕೆಲಸಕ್ಕೆ ಹೋದ. ಅಂದಿನಿಂದ ಒಳಗೆ ಹೋಗಲು ಬಾಗಿಲು ಬಡಿಯುತ್ತಲೇ ಇದ್ದಾನೆ. ಈಗ ಫೋನು ಬಂದಿದೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಕೂಡಲೇ ಅವನ ಇನ್ನೊಂದು ಕೈಯಲ್ಲಿ ಈಜಿಪ್ಟು!

ಹರಿಹರಪುರದ ಕಡೆಯವರೊಬ್ಬರು ಮನೆ ಕಟ್ಟಿಸಲು ಬಂದರು. ಮೇಲೆ ತಾರಸಿಯೇ ಬೇಕೆಂದು ಅವರ ಹಟ. ಅಣ್ಣಯ್ಯ ಕೈಯಲ್ಲಿದ್ದ ಕರಣೆ ಕೆಳಗಿಟ್ಟ. ಅವನು ಕರಣೆ ಕೆಳಗಿಟ್ಟರೆ ಪಾಠ ಶುರುವಾಯಿತೆಂದೇ ಅರ್ಥ.

"ಇದು ಈಜಿಪ್ಟಿನ ಮಾಡು ಸ್ವಾಮಿ. ಅಲ್ಲಿ ಮಳೆ ಅನ್ನೋದೇ ಇಲ್ಲ. ಅದಕ್ಕೆ ಚಪ್ಪಟೆ ಮಾಡು ಹಾಕಿ, ಸೆಕೆಗೆ ಅದರ ಮೇಲೇ ಮಲಗ್ತಿದ್ರು. ನೀವು ಆಷಾಢದಲ್ಲಿ ಅದರ ಮೇಲೆ ಎಂತ ಮಾಡ್ತೀರಿ? ಕಪ್ಪೆ ಸಾಕ್ತೀರಾ?"

"ಎಲ್ರೂ ಹಾಕ್ಸಿದಾರಲ್ಲ ಮಾರಾಯ, ನಂದೊಂದೇನಾ?" ಎಂದರು ಅವರು.

ಹಾಕಿಸಿದರು. ಮರುವರ್ಷವೇ ಸೋರಿತು. ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಮಾಡು ಹೊದಿಸಿದರು. ಆ ದಾರಿಯಲ್ಲಿ ಬಸ್ಸು ಹೋಗುವಾಗಲೆಲ್ಲ ಅಣ್ಣಯ್ಯ ಕಿಟಕಿಯಿಂದ ಕೈ ತೋರಿಸಿ ಅಪರಿಚಿತರಿಗೂ ಹೇಳುತ್ತಾನೆ: "ನೋಡಿ, ಈಜಿಪ್ಟಿಗೆ ಕೊಡೆ ಹಿಡಿದಿದ್ದಾರೆ!"

ಮನೆ ಕಟ್ಟುವವರು ಇಬ್ಬರೇ ಎಂಬುದು ಅವನ ಸಿದ್ಧಾಂತ. ಒಂದು ಹವಾಮಾನ, ಇನ್ನೊಂದು ನಂಬಿಕೆ. ಮೇಸ್ತ್ರಿ ಬರೀ ಕೈಯಾಳು. ಅಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಅದಕ್ಕೆ ಗೋಡೆ ದಪ್ಪ, ಕಿಟಕಿ ಚಿಕ್ಕದು, ಅದೂ ಮೇಲೆ. ಹೊಳೆಯ ಕೆಸರಿಗೆ ಹುಲ್ಲು ಬೆರೆಸಿ ಇಟ್ಟಿಗೆ ಮಾಡಿದರೆ ಸುಡುವುದೂ ಬೇಡ, ಬಿಸಿಲೇ ಒಣಗಿಸುತ್ತಿತ್ತು. ನಮ್ಮಲ್ಲಿ ಹಾಗೆ ಮಾಡಿ ಹೊರಗಿಟ್ಟರೆ? ಇಟ್ಟಿಗೆ ಎರಡು ದಿನದಲ್ಲಿ ಹೊಳೆಗೇ ವಾಪಸ್! ಇಷ್ಟು ಹವಾಮಾನದ ಮಾತಾಯಿತು. ನಂಬಿಕೆಯ ಮಾತಿಗೆ ಬಂದರೆ ಅವನಿಗೆ ಕೆಲಸವೇ ಕೈತಪ್ಪುತ್ತದೆ.

ನರಸಿಂಹರಾಜಪುರದ ಹತ್ತಿರ ಒಬ್ಬರು ದೊಡ್ಡ ವ್ಯಾಪಾರಿಗಳಿದ್ದರು. ಗೋಡೆ, ಕಂಬ, ನೆಲ ಎಲ್ಲವೂ ಕಲ್ಲಿನದೇ ಆಗಬೇಕು, ಸಾವಿರ ವರ್ಷ ನಿಲ್ಲಬೇಕು ಎಂದರು.

"ಈಜಿಪ್ಟಿನಲ್ಲಿ ರಾಜ ಕೂಡ ಮಣ್ಣಿನ ಇಟ್ಟಿಗೆ ಮನೇಲೇ ಇದ್ದದ್ದು ಸ್ವಾಮಿ," ಎಂದ ಅಣ್ಣಯ್ಯ. "ಬದುಕು ನಾಲ್ಕು ದಿನದ್ದು, ಅದಕ್ಕೆ ಮಣ್ಣು ಸಾಕು ಅಂತ. ಕಲ್ಲು ಇಬ್ಬರಿಗೆ ಮಾತ್ರ, ದೇವರಿಗೆ ಮತ್ತೆ ಸತ್ತವರಿಗೆ. ನೀವು ಇದರಲ್ಲಿ ಯಾರು?"

ಅವರು ಎದ್ದು ನಿಂತರು. "ಭೂಮಿಪೂಜೆಗೂ ಮುಂಚೆ ಸಾವಿನ ಮಾತಾಡ್ತೀಯಲ್ಲೋ ಮೇಸ್ತ್ರಿ! ನಡಿ ಆಚೆ!"

ಅಣ್ಣಯ್ಯ ಸೀದಾ ಬಾಳಗಡಿಯ ನನ್ನ ಹೊಲಿಗೆ ಅಂಗಡಿಗೆ ಬಂದು ಕೂತ. ಒಂದಿಷ್ಟೂ ಬೇಜಾರಿರಲಿಲ್ಲ. "ಪಾಪ, ದೇವರು ಅಂತ ಹೇಳಿದ್ರೆ ಮುಗೀತಿತ್ತು. ಅವರಿಗೆ ಹೊಳೀಲಿಲ್ಲ," ಎಂದ.

ನಾನು ಒಂಬತ್ತನೇ ತರಗತಿಯಲ್ಲಿ ಗಣಿತಕ್ಕೆ ಎರಡು ಸಲ ಬಿದ್ದು ಹೊಲಿಗೆ ಕಲಿತವಳು. ಅವನ ಈಜಿಪ್ಟಿನಲ್ಲಿ ನನಗೂ ಒಂದು ಜಾಗ ಮಾಡಿಕೊಡಬೇಕೆಂದು ಅವನಿಗೆ ಆಸೆ.

"ಒಂದು ಹೆಣಕ್ಕೆ ನೂರಾರು ಮೀಟರ್ ಬಟ್ಟೆ ಸುತ್ತುತ್ತಿದ್ರಂತೆ ಮಾರಾಯ್ತಿ!"

"ಹೊಲಿಗೆ ಎಷ್ಟು?"

"ಹೊಲಿಗೆ ಎಂತದೂ ಇಲ್ಲ. ಬರೀ ಸುತ್ತೋದು."

"ಹಾಗಾದ್ರೆ ಆ ಊರಲ್ಲಿ ನಂಗೆ ಅನ್ನ ಇಲ್ಲ, ಬಿಡು."

ಒಮ್ಮೆ ಶೃಂಗೇರಿಗೆ ಹೋಗಿದ್ದೆವು. ಈಜಿಪ್ಟಿನ ಗುಡಿಗಳಲ್ಲಿ ಒಳಗೆ ಹೋದಂತೆ ನೆಲ ಸ್ವಲ್ಪ ಸ್ವಲ್ಪವೇ ಏರುತ್ತದಂತೆ, ಮಾಡು ಇಳಿಯುತ್ತದಂತೆ, ಬೆಳಕು ಕಡಿಮೆಯಾಗುತ್ತದಂತೆ. ಕಂಬಗಳೆಲ್ಲ ತಾವರೆ, ಜೊಂಡಿನ ಆಕಾರ. ಮೊದಲು ಲೋಕವೆಲ್ಲ ನೀರೇ ಇತ್ತು, ಅದರಿಂದ ಒಂದು ದಿಬ್ಬ ಎದ್ದಿತು ಎಂದು ಅವರ ನಂಬಿಕೆಯಂತೆ. ಗುಡಿಯೆಂದರೆ ಆ ದಿಬ್ಬ, ಕಂಬಗಳೆಂದರೆ ನೀರಂಚಿನ ಗಿಡಗಳು. ಇಷ್ಟನ್ನು ಸಾಲಿನಲ್ಲಿ ನಿಂತು ನನ್ನ ಕಿವಿಯಲ್ಲಿ ಹೇಳಿದವನು, ನಮ್ಮ ಕಡೆಯ ಗುಡಿಯಲ್ಲೂ ನೆಲ ಏರುತ್ತದೆಯೇ ನೋಡೋಣವೆಂದು ಅಲ್ಲೇ ಉದ್ದಕ್ಕೆ ಮಲಗಿ ಕೆನ್ನೆಯನ್ನು ಕಲ್ಲಿಗೆ ಒತ್ತಿ ಒಂದು ಕಣ್ಣು ಮುಚ್ಚಿದ. ಹಿಂದಿದ್ದ ಅಜ್ಜಿಯೊಬ್ಬರು ಕೈಮುಗಿದು, "ಎಂಥ ಭಕ್ತಿ ನೋಡು! ಏಳಕ್ಕೇ ಮನಸಿಲ್ಲ ಅವನಿಗೆ," ಎಂದರು. ಅಣ್ಣಯ್ಯ ಎದ್ದು ಧೂಳು ಕೊಡವಿ ನನಗೆ ಮೆಲ್ಲಗೆ ಹೇಳಿದ: "ಅರ್ಧ ಬೆರಳು ಇಳಿಜಾರು ಇದೆ. ನೀರು ಹೋಗಕ್ಕೆ."

ಇಂಥ ಅಣ್ಣಯ್ಯನಿಗೂ ಒಂದು ಗಟ್ಟಿ ನಂಬಿಕೆಯಿತ್ತು. ಎಲ್ಲಿ ಕೆಲಸ ಹಿಡಿಯಲಿ, ಪಾಯದ ಮೊದಲ ಕಲ್ಲಿನಡಿಗೆ ಒಂದು ನಂದಿಬಟ್ಟಲು ಹೂ ಇಡುತ್ತಿದ್ದ. ಬಿಳಿಯದು, ಒಂದೇ ಒಂದು. ಯಾಕೆಂದು ಮನೆ ಕಟ್ಟಿಸುವವರು ಕೇಳಿದರೆ ಹೇಳುತ್ತಿದ್ದ: "ಈ ಕೆಲಸ ನಾನು ಹುಡುಕ್ಕೊಂಡದ್ದಲ್ಲ ಸ್ವಾಮಿ. ದೇವರೇ ಹೂ ಕೊಟ್ಟು ಕರೆದದ್ದು." ಇದನ್ನು ಹೇಳುವಾಗ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಮನೆಯವರಿಗೂ ಸಂತೋಷ. ದೇವರೇ ಆರಿಸಿದ ಮೇಸ್ತ್ರಿ ಯಾರಿಗುಂಟು?

ಇಲ್ಲಿಯವರೆಗೆ ನಕ್ಕಿರಿ. ಇನ್ನು ನನ್ನ ಮಾತು ಹೇಳಬೇಕು.

ಅಪ್ಪಯ್ಯನೂ ಗಾರೆ ಕೆಲಸದವನೇ. ಅಟ್ಟಣಿಗೆಯಿಂದ ಬಿದ್ದು ಸೊಂಟ ಹೋಯಿತು. ಅಮ್ಮ ಮೊದಲೇ ಇರಲಿಲ್ಲ. ಇಬ್ಬರಲ್ಲಿ ಒಬ್ಬರು ಶಾಲೆ ಬಿಡಲೇಬೇಕಾಯಿತು. ಅಣ್ಣಯ್ಯ ಎಂಟನೇ ತರಗತಿ, ನಾನು ಆರು. ನೆಂಟರೆಲ್ಲ ಹುಡುಗಿಯನ್ನು ಬಿಡಿಸು ಎಂದರು. ಅಪ್ಪಯ್ಯ ಮಾತ್ರ, "ನಾನು ಯಾರನ್ನೂ ಬಿಡ್ಸಲ್ಲ. ದೇವರೇ ಹೇಳಲಿ. ಹೂ ಕೇಳಣ," ಎಂದ. ಎರಡು ಬಾಳೆಲೆ ಪೊಟ್ಟಣ ಕಟ್ಟುವುದು. ಒಂದರಲ್ಲಿ ಬಿಳಿ ನಂದಿಬಟ್ಟಲು, ಇನ್ನೊಂದರಲ್ಲಿ ಕೆಂಪು ದಾಸವಾಳ. ದೇವರ ಮುಂದೆ ಇಟ್ಟು ಒಂದನ್ನು ಎತ್ತುವುದು. ಕೆಂಪು ಬಂದರೆ ಅಣ್ಣ ಓದುವುದು, ತಂಗಿ ಮನೆ ನೋಡಿಕೊಳ್ಳುವುದು. ಬಿಳಿ ಬಂದರೆ ತಂಗಿ ಓದುವುದು, ಅಣ್ಣ ಕೆಲಸಕ್ಕೆ. ಬಿಚ್ಚದೆ ಉಳಿದ ಪೊಟ್ಟಣವನ್ನು ಹಾಗೆಯೇ ನೀರಿಗೆ ಬಿಡಬೇಕು.

ಹೂ ಕೊಯ್ದು ಪೊಟ್ಟಣ ಕಟ್ಟಲು ಅಪ್ಪಯ್ಯ ಕಳಿಸಿದ್ದು ನನ್ನನ್ನು.

ನಾನು ಎರಡಕ್ಕೂ ಬಿಳಿ ಹಾಕಿದೆ.

ಅಣ್ಣಯ್ಯ ಕಣ್ಣು ಮುಚ್ಚಿ ಒಂದನ್ನು ಎತ್ತಿದ. ಇನ್ನೊಂದನ್ನು ನಾನೇ ಓಡಿಹೋಗಿ ಹಳ್ಳಕ್ಕೆ ಎಸೆದೆ. ಎರಡು ವರ್ಷದ ನಂತರ ಅದೇ ಈಜಿಪ್ಟಿನ ಪಾಠ ನನ್ನ ಪುಸ್ತಕದಲ್ಲೂ ಬಂತು. ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಓದಲೇ ಇಲ್ಲ. ಅಣ್ಣಯ್ಯ ಸಂಜೆ ಕೈಕಾಲಿನ ಸಿಮೆಂಟು ತೊಳೆದು ಬಂದು ಕೇಳಿದ: "ಪಿರಮಿಡ್ಡಿನ ಒಳಗೆ ಎಂತ ಇತ್ತಂತೆ ಕಣೇ?"

"ಎಂತದೂ ಇಲ್ಲ," ಎಂದೆ.

ಅವನ ಪಾಲಿನ ಶಾಲೆಯನ್ನು ಕದ್ದೆ, ಕದ್ದದ್ದನ್ನು ಓದಲೂ ಇಲ್ಲ. ಹೇಳಿಬಿಡೋಣವೆಂದರೆ ವರ್ಷ ಕಳೆದಷ್ಟೂ ಕಷ್ಟವಾಯಿತು. ಮೊದಲು, ಅಪ್ಪಯ್ಯ ಬದುಕಿರುವವರೆಗೆ, ಪೆಟ್ಟಿನ ಭಯವಿತ್ತು. ಆಮೇಲೆ ಬೇರೆ ಭಯ. ಅವನು ಕಟ್ಟಿದ ಮನೆಗಳೆಲ್ಲ ಆ ಒಂದು ಹೂವಿನ ಮೇಲೆ ನಿಂತಿದ್ದವು. ನಾನು ಬಾಯಿ ಬಿಟ್ಟರೆ ಅವನಿಗೆ ಉಳಿಯುವುದೇನು?

ಹೋದ ವರ್ಷ ಬಾಳಗಡಿಯಲ್ಲಿ ನನಗೂ ನನ್ನ ಯಜಮಾನರಿಗೂ ಒಂದು ಚಿಕ್ಕ ಮನೆ ಕಟ್ಟಿಕೊಟ್ಟವನೂ ಅವನೇ. ನನ್ನ ಮನೆಯ ಪಾಯಕ್ಕೂ ಒಂದು ಬಿಳಿ ಹೂ ಇಟ್ಟ. ನಾನು ಕಣ್ಣಿಗೆ ಧೂಳು ಬಿತ್ತೆಂದು ಆಚೆ ತಿರುಗಿದೆ. ನಡುಮನೆಯ ಪಡುವಣ ಗೋಡೆಯಲ್ಲಿ ನಾನು ಬೀರುವಿಗೆ ಜಾಗ ಬಿಡಲು ಹೇಳಿದ್ದೆ. ಒಂದು ವಾರ ಬಿಟ್ಟು ಬಂದು ನೋಡಿದರೆ ಅಲ್ಲೊಂದು ಬಾಗಿಲು! ಚೌಕಟ್ಟಿನೊಳಗೊಂದು ಚೌಕಟ್ಟು, ನಡುವೆ ಮುಚ್ಚಿದ ಕದ, ಎಲ್ಲವೂ ಗಾರೆಯದೇ. ಹಿಂದೆ ಬರೀ ಗೋಡೆ.

"ಇದೆಂತ ಅಣ್ಣಯ್ಯ?"

"ಹುಸಿ ಬಾಗಿಲು. ಅವರ ಗೋರಿಗಳಲ್ಲಿ ಇರ್ತಿತ್ತು. ಸೂರ್ಯ ಮುಳುಗೋ ಕಡೆ ಸತ್ತವರ ಲೋಕ ಅಂತ ಅವರ ನಂಬಿಕೆ. ಸತ್ತವರು ಈ ಬಾಗಿಲಿಂದ ಬಂದು, ಮುಂದೆ ಇಟ್ಟ ಊಟ ಮಾಡಿ ಹೋಗ್ತಿದ್ರಂತೆ. ನಾವೂ ಹಿರಿಯರಿಗೆ ಎಡೆ ಇಡ್ತೀವಲ್ಲ? ಅಪ್ಪಯ್ಯ ಎಲ್ಲಿಂದ ಬರಬೇಕು, ಕಿಟಕಿ ಹಾರ್ಕೊಂಡಾ? ಅವನಿಗೆ ಸೊಂಟ ನೋವು ಬೇರೆ!"

ಗೃಹಪ್ರವೇಶದ ದಿನ ನನ್ನ ಯಜಮಾನರ ಸೋದರತ್ತೆ ಕೈಯಲ್ಲಿ ನೀರಿನ ಚೊಂಬು ಹಿಡಿದು ಆ ಬಾಗಿಲನ್ನು ಹೆಗಲಿಂದ ಮೂರು ಸಲ ದೂಡಿದರು. "ಒಳಗೆ ಯಾರಿದ್ದೀರಿ? ಬೇಗ ಬನ್ನಿ ಮಾರಾಯ್ರೆ, ನಂಗೆ ಅರ್ಜೆಂಟು!" ಎಂದರು. ಹುಸಿ ಬಾಗಿಲಿನ ಮೊದಲ ಗಿರಾಕಿ ಅವರೇ!

ಹಿರಿಯರಿಗೆ ಎಡೆ ಇಡುವ ದಿನ ಬಂತು. ಕಡುಬು, ಕೋಳಿ ಸಾರು ಮಾಡಿದ್ದೆ, ಅಪ್ಪಯ್ಯನಿಗೆ ಇಷ್ಟವಾದದ್ದು. ಎಲೆ ಹಿಡಿದು ಆ ಬಾಗಿಲಿನ ಮುಂದೆ ಬಗ್ಗಿದೆ. ಸತ್ತವರಿಗೆ ಎಲ್ಲವೂ ಗೊತ್ತಿರುತ್ತದೆಯಂತೆ. ಆ ಕದದ ಹಿಂದೆ ಅಪ್ಪಯ್ಯ ನಿಂತು, 'ಎರಡನೇ ಪೊಟ್ಟಣ ಎಲ್ಲಿ ಮಗಾ?' ಎಂದು ಕೇಳಿದಂತಾಯಿತು. ಬರೀ ಗಾರೆ ಎಂದು ನನಗೆ ಗೊತ್ತು. ಗೊತ್ತಿದ್ದರೂ ಹೆದರಿದೆ.

ಎಡೆ ಇಟ್ಟ ಮೇಲೆ ಹಿರಿಯರು ಉಣ್ಣಲೆಂದು ಮನೆಯ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂರುವುದು ನಮ್ಮಲ್ಲಿ ಪದ್ಧತಿ. ನಾನೂ ಅಣ್ಣಯ್ಯನೂ ಜಗಲಿಯಲ್ಲಿ ಕೂತೆವು. ಅಲ್ಲಿ ಹೇಳಿಬಿಟ್ಟೆ. ಒಂದೇ ಉಸಿರಿಗೆ, ಅವನ ಮುಖ ನೋಡದೆ.

ಅಣ್ಣಯ್ಯ ಒಂದೇ ಮಾತು ಕೇಳಿದ: "ಎರಡೂ ಬಿಳಿಯಾ?"

"ಎರಡೂ."

ಎದ್ದ. ಪದ್ಧತಿಯಂತೆ ಬಾಗಿಲನ್ನು ಮೂರು ಸಲ ತಟ್ಟಿ ತೆಗೆದ. ಒಳಗೆ ಹೋಗಲಿಲ್ಲ. ಚಪ್ಪಲಿ ಹಾಕಿಕೊಂಡು ನಡೆದುಬಿಟ್ಟ. ಅಪ್ಪಯ್ಯನ ಎಡೆಯ ಅನ್ನವನ್ನು ಅವನು ಉಣ್ಣದೆ ಹೋದದ್ದು ಅದೇ ಮೊದಲು.

ಒಂಬತ್ತು ದಿನ ಅಂಗಡಿಯ ಕಡೆ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಭಂಡಿಗಡಿಯಲ್ಲಿ ಒಂದು ಮನೆಯ ಪಾಯ ತೋಡಿ ಹಾಗೇ ಬಿಟ್ಟಿದ್ದಾನೆಂದು ಯಾರೋ ಹೇಳಿದರು. ನಾನು ಒಂದು ರವಿಕೆಯ ಎರಡೂ ತೋಳನ್ನು ಎಡಗೈಗೇ ಹೊಲಿದೆ. ಹತ್ತನೇ ದಿನ ಬೆಳಿಗ್ಗೆ ಅವನೇ ಫೋನು ಮಾಡಿದ.

"ಭಂಡಿಗಡಿಗೆ ಬಾ. ಬರೋವಾಗ ನಂದಿಬಟ್ಟಲು ಕೊಯ್ಕೊಂಡು ಬಾ."

ಎಷ್ಟು ಎಂದು ಕೇಳುವ ಧೈರ್ಯವಾಗಲಿಲ್ಲ. ಒಂದು ಬುಟ್ಟಿಯೇ ಕೊಯ್ದೆ.

ಹೋದಾಗ ಅವನು ಪಾಯದ ಗುಂಡಿಯೊಳಗೆ ನಿಂತು ಅಳತೆಯ ನೂಲು ಹಿಡಿದಿದ್ದ. ನನ್ನನ್ನು ನೋಡಿದವನೇ, ಮಾತು ನಿನ್ನೆ ನಿಂತದ್ದು ಎಂಬಂತೆ ಶುರುಮಾಡಿದ: "ಅವರೂ ಎಂತೆಂತದೋ ನಂಬಿದ್ರು ಕಣೇ. ಸತ್ತ ರಾಜ ಎದ್ದು ಬರ್ತಾನೆ, ಉಣ್ತಾನೆ ಅಂತ. ಬಂದ್ನೋ ಇಲ್ವೋ, ನೋಡಿದವರು ಯಾರು? ಕಟ್ಟಿದ್ದು ಮಾತ್ರ ನಿಂತಿದೆ. ನಾನು ಕಟ್ಟಿದ ಮನೆಗಳಿಗೆಲ್ಲ ಹೋಗಿ ನೋಡ್ಕೊಂಡು ಬಂದೆ. ಒಂದೂ ಬಿದ್ದಿಲ್ಲ."

ಅಷ್ಟರಲ್ಲಿ ಆ ಮನೆ ಕಟ್ಟಿಸುತ್ತಿದ್ದವರು ಬುಟ್ಟಿ ನೋಡಿ ಕೇಳಿದರು: "ಹೂ ಎಂತಕ್ಕೆ ಮೇಸ್ತ್ರಿ?"

ನಾನು ಬುಟ್ಟಿಯನ್ನು ಹಿಂದಕ್ಕೆ ಸರಿಸಿದೆ. ಅಣ್ಣಯ್ಯ ಬೆನ್ನು ನೆಟ್ಟಗೆ ಮಾಡಿದ.

"ಈ ಕೆಲಸ ನಾನು ಹುಡುಕ್ಕೊಂಡದ್ದಲ್ಲ ಸ್ವಾಮಿ. ನನ್ನ ತಂಗಿ ಆರಿಸಿ ಕೊಟ್ಟದ್ದು."

ನನಗೆ ಗುಂಡಿಯೊಳಗೆ ಇಳಿಯಲು ಕೈಕೊಟ್ಟ. ಆ ಕೈ ಸಿಮೆಂಟಿಗೆ ಸುಟ್ಟು ಕಲ್ಲಿನಂತಾಗಿತ್ತು. ಕೆಂಪು ಮಣ್ಣಿನ ಮೇಲೆ ಒಂದು ಹೂ ಇಟ್ಟು ನಾನು ಏಳಹೊರಟೆ.

"ಎರಡು ಇಡು ಮಾರಾಯ್ತಿ," ಎಂದ. "ಆವತ್ತೂ ಎರಡೇ ಅಲ್ವಾ ಇದ್ದದ್ದು?"