ಟ್ಯಾಕ್ಸಿಗಾಗಿ ಹುಟ್ಟಿದ ಅಣ್ಣ

ಗುರುತಿಲ್ಲದ ಊರಿನಲ್ಲಿ ಟ್ಯಾಕ್ಸಿ ಹತ್ತುವವನಿಗೆ ಸಿಗುವಷ್ಟು ಬಿಟ್ಟಿ ಸಲಹೆ ಮದುವೆಯಾಗದೆ ಉಳಿದವನಿಗೂ ಸಿಗಲಾರದು. ನಾನು ಮೈಸೂರಿನಿಂದ ತಿರುಪ್ಪೂರಿಗೆ ಹೊರಟಾಗ ಕಾಲೇಜಿನ ಗೆಳೆಯರೆಲ್ಲ ಎಚ್ಚರಿಸಿದರು: ಗಾಡಿಯ ನಂಬರು ನೆನಪಿಟ್ಟುಕೊ, ಡ್ರೈವರನ ಮುಖ ನೋಡಿಕೊ, ಹೊಸಬನೆಂದು ಮಾತ್ರ ಬಾಯಿಬಿಡಬೇಡ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದೇ ಎಲ್ಲವನ್ನೂ ಅನುಮಾನಿಸುವುದು. ಈ ಸಲಹೆಗಳನ್ನು ಮಾತ್ರ ಅನುಮಾನಿಸಲಿಲ್ಲ. ಮುಖವನ್ನು ಚೆನ್ನಾಗಿಯೇ ನೋಡಿಕೊಂಡೆ. ಈಗ ನೆನಪಿರುವುದು ಒಂದು ದಪ್ಪ ಮೀಸೆ. ಆತನಿಗೆ ಮೀಸೆಯೇ ಇರಲಿಲ್ಲ ಎನ್ನುತ್ತಾಳೆ ನನ್ನ ಅಕ್ಕ.

ಉಡುಮಲೈಪೇಟೆಗೆ ಸೊಸೆಯಾಗಿ ಹೋದ ಈ ಅಕ್ಕನ ಮಗಳಿಗೆ ಅಂದು ಕಿವಿ ಚುಚ್ಚುವ ಶಾಸ್ತ್ರ. ಮಗು ಸೋದರಮಾವನ ತೊಡೆಯ ಮೇಲೇ ಕೂರಬೇಕು. ಇರುವ ಸೋದರಮಾವ ನಾನೊಬ್ಬನೇ. ರೈಲು ತಡವಾಗಿತ್ತು. ಬಸ್ಸನ್ನು ನಂಬಿದರೆ ಮುಹೂರ್ತ ತಪ್ಪೀತೆಂದು ತಿರುಪ್ಪೂರು ಸ್ಟೇಷನ್ನಿನ ಎದುರಿದ್ದ ಅಂಬಾಸಿಡರ್ ಹತ್ತಿದೆ. ಹತ್ತಿದವನೇ, ಯಾರೂ ಕೇಳದಿದ್ದರೂ, ಹರುಕುಮುರುಕು ತಮಿಳಿನಲ್ಲಿ ಹೇಳಿದೆ: ದಾರಿಯಲ್ಲಿ ಸಿಗುವ ಪಲ್ಲಡಂ ಊರಿನ ಸಬ್ ಇನ್‌ಸ್ಪೆಕ್ಟರು ನಮ್ಮಣ್ಣ. ನಿಜವಾಗಿ ನನಗೆ ಅಣ್ಣನೇ ಇಲ್ಲ.

ಆಮೇಲೆ ಆ ಕಾರು ತೆವಳಿದ್ದೇ ತೆವಳಿದ್ದು. ಎದುರಿಗೆ ಬಂದ ಎತ್ತಿನ ಗಾಡಿಗೂ ನಿಂತು ದಾರಿ ಬಿಟ್ಟಿತು. ನಾನು ಗಡಿಯಾರ ನೋಡುತ್ತ ಕನ್ನಡದಲ್ಲಿ ಗೊಣಗುತ್ತಿದ್ದೆ. ಪಲ್ಲಡಂ ಬಂದದ್ದೇ ಆತ ಕಾರನ್ನು ನೇರವಾಗಿ ಪೊಲೀಸ್ ಠಾಣೆಯ ಮುಂದೆ ನಿಲ್ಲಿಸಿ, ಕನ್ನಡದಲ್ಲೇ, "ಹೋಗಿ ನೋಡ್ಕೊಂಡು ಬನ್ನಿ ಸಾರ್. ಇಷ್ಟು ದೂರ ಬಂದು ಮುಖ ತೋರಿಸದೆ ಹೋದ್ರೆ ಅಣ್ಣ ಬೇಜಾರ್ ಮಾಡ್ಕೋತಾರೆ" ಎಂದ.

"ನಿಮಗೆ ಕನ್ನಡ ಬರುತ್ತಾ?"

"ಮನೇಲೆಲ್ಲ ಕನ್ನಡಂ ತಾನೆ ಸಾರ್. ಓದೋಕೆ ಮಾತ್ರ ಬರಲ್ಲ."

ಅಷ್ಟರಲ್ಲಿ ಪೇದೆಯೊಬ್ಬ ಯಾರು ಬೇಕೆಂದು ಬಾಗಿಲಿಗೆ ಬಂದ. ನಾನು ಡ್ರೈವರನತ್ತ ಬಾಗಿ, "ಅಣ್ಣ ಇಲ್ಲ ರೀ, ನಡೀರಿ" ಎಂದು ಪಿಸುಗುಟ್ಟಿದೆ.

"ರಜಾನಾ?"

"ಹುಟ್ಟೇ ಇಲ್ಲ!"

ಆತ ಪೇದೆಗೆ ಅದೇನೋ ಹೇಳಿ ಗಾಡಿ ತಿರುಗಿಸಿದ. ಊರು ದಾಟಿದ ಮೇಲೆ ನಾನು ಕಿವಿ ಚುಚ್ಚುವ ಶಾಸ್ತ್ರದವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಆತ ಸ್ಟೀರಿಂಗ್ ಬಡಿದು ಬಡಿದು ನಕ್ಕ. "ಅಯ್ಯೋ ಸಾರ್! ನಿಮ್ಮಣ್ಣನಿಗೆ ಹೆದರಿ ನಾನು ಹಾರನ್ ಕೂಡ ಹೊಡೀಲಿಲ್ಲ. ಮುಹೂರ್ತ ಅಂತ ಮೊದ್ಲೇ ಹೇಳ್ಬಾರ್ದಾ?" ಅಲ್ಲಿಂದ ಮುಂದೆ ಎರಡು ಕಡೆಯ ತೆಂಗಿನ ಮರಗಳು ಹಿಂದಕ್ಕೆ ಓಡಿದವು. ಬಯ್ಯಬಹುದಿತ್ತು, ಇಳಿಸಿಯೇ ಹೋಗಬಹುದಿತ್ತು. ಆತ ಮಗುವಿನ ಹೆಸರು ಕೇಳಿದ.

ಮುಹೂರ್ತ ಮುಗಿಯುವ ಮುಂಚೆ ಮುಟ್ಟಿದೆವು. "ಊಟ ಮಾಡದೆ ಹೋಗೋ ಹಾಗಿಲ್ಲ ಅಣ್ಣಾ" ಎಂದು ಅಕ್ಕ ಆತನನ್ನು ಒಳಕ್ಕೆ ಕರೆದಳು. ನಾನು ಚಪ್ಪಲಿ ಬಿಟ್ಟು ಕೂತೆ. ಮಗುವನ್ನು ತೊಡೆಯ ಮೇಲಿಟ್ಟರು. ಆಚಾರಿ ಚಿನ್ನದ ತಂತಿ ಎತ್ತಿದ. ಮಗು ಅತ್ತಿತೋ ಇಲ್ಲವೋ, ನೆನಪಿಲ್ಲ. ಗಟ್ಟಿಯಾಗಿ ಮುಚ್ಚಿದ್ದ ನನ್ನ ಕಣ್ಣು, ಹಿಂದಿನಿಂದ ಭುಜ ಹಿಡಿದಿದ್ದ ಒಂದು ಬೆಚ್ಚನೆಯ ಕೈ, ಕಿವಿಯ ಹತ್ತಿರ ಮೆಲ್ಲಗೆ ಬಂದ ಮಾತು, ಇಷ್ಟರಲ್ಲಿ ಮಾತ್ರ ನನಗೆ ಅನುಮಾನವಿಲ್ಲ:

"ಮುಗೀತು ಸಾರ್. ಮಗು ನಗ್ತಾ ಇದೆ. ನೀವೂ ಕಣ್ಣು ಬಿಡಿ."